ಮಲಗೋ ಹೊತ್ತಿಗೆ ನಗಿಸುವ ಚಿತ್ರಪುಸ್ತಕ: ಓದುವುದು ಹೇಗೆ, ನಗುವನ್ನು ಇಳಿಸುವುದು ಹೇಗೆ

ಮಲಗುವ ಹೊತ್ತಿಗೆ ತಮಾಷೆ ಪುಸ್ತಕ ಬೇಡವೇ ಬೇಡ ಅನ್ನುವ ಅಪ್ಪ ಅಮ್ಮಂದಿರು ಬೇಕಾದಷ್ಟು ಜನ ಇದ್ದಾರೆ. "ನಕ್ಕು ನಕ್ಕು ಎದ್ದು ಕೂತ್ಕೊಳ್ತಾನೆ, ಹಾಸಿಗೆ ಮೇಲೆ ಕುಣೀತಾನೆ, ಆಮೇಲೆ ಹನ್ನೊಂದಾದ್ರೂ ಮಲಗಲ್ಲ" ಅನ್ನೋದು ಅವರ ದೂರು. ದೂರಿನಲ್ಲಿ ಹುರುಳಿದೆ. ಕಥೆಯ ಕೊನೇ ಪುಟದಲ್ಲಿ ಮಗುವನ್ನು ಹೊಟ್ಟೆ ಹಿಡಿದು ನಗುವಂತೆ ಮಾಡಿ, ಮರುಕ್ಷಣವೇ ದೀಪ ಆರಿಸಿ "ಸರಿ, ಇನ್ನು ಮಲಗು" ಅಂದರೆ ಯಾರು ತಾನೇ ಮಲಗುತ್ತಾರೆ? ನಗುವಿಗೆ ಏರಲು ಜಾಗ ಕೊಟ್ಟ ಹಾಗೆ ಇಳಿಯಲೂ ಜಾಗ ಕೊಡಬೇಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಚಿತ್ರಪುಸ್ತಕ ಓದುವಾಗ ನಮ್ಮ ಕಣ್ಣು ಅಕ್ಷರದ ಮೇಲಿರುತ್ತದೆ, ಮಗುವಿನ ಕಣ್ಣು ಚಿತ್ರದ ಮೇಲೆ. ಒಳ್ಳೆಯ ತಮಾಷೆ ಪುಸ್ತಕದಲ್ಲಿ ನಗು ಬಚ್ಚಿಟ್ಟುಕೊಂಡಿರುವುದು ಚಿತ್ರದಲ್ಲೇ. ಹಾಗಾಗಿ ಅಕ್ಷರ ಬಾರದ ಮಗುವಿಗೆ ನಮಗಿಂತ ಮೊದಲೇ ಜೋಕು ಸಿಕ್ಕಿರುತ್ತದೆ. ಅದನ್ನು ಕೆಡಿಸದೇ ಇದ್ದರೆ ನಮ್ಮ ಅರ್ಧ ಕೆಲಸ ಮುಗಿಯಿತು.

1. ಪುಸ್ತಕ ಆರಿಸುವಾಗ ಅಕ್ಷರ ಮುಚ್ಚಿ ನೋಡಿ

ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಪುಸ್ತಕ ಕೈಗೆ ತೆಗೆದುಕೊಂಡಾಗ ಮೊದಲು ಬರಹ ಓದಬೇಡಿ. ಬರೀ ಚಿತ್ರ ನೋಡುತ್ತಾ ಹಾಳೆ ಮಗುಚಿ. ಕಥೆ ಸುಮಾರಾಗಿ ಗೊತ್ತಾಯಿತಾ? ಎಲ್ಲಾದರೂ ನಿಮಗೇ ನಗು ಬಂತಾ? ಬಂದರೆ ಆ ಪುಸ್ತಕ ಮನೆಗೆ ಬರಲಿ. ಚಿತ್ರಗಳೆಲ್ಲ ಬರಹದಲ್ಲಿ ಇದ್ದದ್ದನ್ನೇ ಮತ್ತೆ ತೋರಿಸುತ್ತಿದ್ದರೆ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ವಯಸ್ಸಿಗೆ ತಕ್ಕ ತಮಾಷೆ ಇರಬೇಕು. ಎರಡು ವರ್ಷದ ಮಗುವಿಗೆ ಟೋಪಿ ಇರಬೇಕಾದಲ್ಲಿ ಚಪ್ಪಲಿ ಇದ್ದರೆ ಸಾಕು, ಬಿದ್ದು ಬಿದ್ದು ನಗುತ್ತದೆ. ಮೂರು ನಾಲ್ಕಕ್ಕೆ ಬರುವಷ್ಟರಲ್ಲಿ ಬೆಕ್ಕು 'ಬೌ ಬೌ' ಅನ್ನಬೇಕು, ಆನೆ ಮರ ಹತ್ತಬೇಕು. ಲೋಕದ ನಿಯಮ ಏನು ಅಂತ ಆಗ ತಾನೇ ಕಲಿತಿರುತ್ತಾರೆ, ಅದನ್ನು ಯಾರಾದರೂ ಮುರಿದರೆ ಅದೇ ಮಜಾ. ಒಗಟು, ಎರಡರ್ಥದ ಮಾತು, ಮಾತಿನ ಚಮತ್ಕಾರ ಹಿಡಿಸುವುದು ಐದಾರು ವರ್ಷದ ನಂತರ. ಮೂರು ವರ್ಷದ ಮಗುವಿಗೆ ಮಾತಿನ ಜೋಕು ಓದಿ ಅದು ನಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಮಲಗುವ ಹೊತ್ತಿನ ಪುಸ್ತಕಕ್ಕೆ ಇನ್ನೊಂದು ಪರೀಕ್ಷೆ ಇದೆ. ಕೊನೆಯ ಎರಡು ಪುಟ ನೋಡಿ. ಕಥೆ ಡಬ್ ಅಂತ ಸಿಡಿದು ಮುಗಿಯುತ್ತದೋ, ಅಥವಾ ಎಲ್ಲರೂ ಸುಸ್ತಾಗಿ ಮನೆ ಸೇರಿ ಊಟಕ್ಕೆ ಕೂರುತ್ತಾರೋ? ಎರಡನೆಯದು ರಾತ್ರಿಗೆ, ಮೊದಲನೆಯದು ಭಾನುವಾರ ಬೆಳಗ್ಗೆಗೆ. ಒತ್ತಿದರೆ ಕೂಗುವ ಗುಂಡಿ ಇರುವ ಪುಸ್ತಕಗಳನ್ನಂತೂ ಮಲಗುವ ಕೋಣೆಗೆ ತರಲೇಬೇಡಿ. ಕಪ್ಪು, ದಪ್ಪ, ತೊದಲು ಅಂತ ಯಾರನ್ನೋ ಆಡಿಕೊಂಡು ನಗಿಸುವ ಪುಸ್ತಕಗಳೂ ಬೇಡ. ಮಾರನೇ ದಿನ ಅಂಗನವಾಡಿಯಲ್ಲಿ ಆ ಮಾತು ಯಾವ ಮಗುವಿನ ಮೇಲೆ ಬೀಳುತ್ತದೋ ಹೇಳೋಕಾಗಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ ಅಂದರೆ, ಕನ್ನಡದಲ್ಲಿ ಈಗ ಕೊರತೆ ಇಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಚಿತ್ರಪುಸ್ತಕ ತರುತ್ತದೆ. ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಕೂಡ ಕನ್ನಡದಲ್ಲಿ ಪ್ರಕಟಿಸುತ್ತವೆ. ದುಡ್ಡೇ ಖರ್ಚು ಮಾಡದೆ ಬೇಕೆಂದರೆ ಪ್ರಥಮ್ ಬುಕ್ಸ್‌ನವರೇ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣ ಇದೆ. ಅಲ್ಲಿ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಚಿಕ್ಕ ಮಕ್ಕಳಿಗೆ ಮೊದಲ ಹಂತ ನೋಡಿ: ಸುಲಭದ ಪದ, ಮತ್ತೆ ಮತ್ತೆ ಬರುವ ಸಾಲು. ಅಲ್ಲಿನ ಪುಸ್ತಕಗಳನ್ನು ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಬಹುದು. ಆಯಾ ಕಥೆಯ ಪರವಾನಗಿಯಂತೆ ಹೆಸರು ಉಲ್ಲೇಖಿಸಿ ಬದಲಿಸಿಕೊಳ್ಳಲೂಬಹುದು.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಮಗುವಿನ ಕೈ ಹಿಡಿದು ಹೋಗಿ. ಈಗ ಅವುಗಳನ್ನು 'ಅರಿವು ಕೇಂದ್ರ' ಅನ್ನುತ್ತಾರೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಣ್ಣನ ಹೆಸರಿನಲ್ಲಿ ತಂದ ಪುಸ್ತಕವನ್ನು ತಂಗಿಗೆ ಓದಬಹುದಲ್ವಾ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನಲ್ಲಿ ಮಕ್ಕಳದೇ ಗ್ರಂಥಾಲಯ ಇದೆ.

2. ಮಗುವಿಗಿಂತ ಮೊದಲು ನೀವು ಓದಿ

ಹೆಚ್ಚೇನೂ ಬೇಡ, ಅನ್ನ ಬೇಯುವ ಹೊತ್ತಿನಲ್ಲಿ ಒಮ್ಮೆ ತಿರುವಿ ಹಾಕಿದರೆ ಸಾಕು. ಎರಡು ವಿಷಯ ಗಮನಿಸಿ.

ಒಂದು, ಹಾಳೆ ಮಗುಚುವ ಜಾಗ. ಚಿತ್ರಪುಸ್ತಕದಲ್ಲಿ ತಮಾಷೆ ಸಾಮಾನ್ಯವಾಗಿ ಮುಂದಿನ ಪುಟದಲ್ಲಿ ಕಾದು ಕೂತಿರುತ್ತದೆ. "ಬಾಗಿಲು ತೆಗೆದು ನೋಡಿದರೆ..." ಅಂತ ಬಲಪುಟ ಮುಗಿಯುತ್ತದೆ. ಬಾಗಿಲ ಹಿಂದೆ ಏನಿದೆ ಅನ್ನುವುದು ಹಾಳೆಯ ಹಿಂದೆ. ಆ ಹಾಳೆ ಯಾವುದು ಅಂತ ನಿಮಗೆ ಮೊದಲೇ ಗೊತ್ತಿದ್ದರೆ ಅಲ್ಲಿ ನಿಲ್ಲಬಹುದು. ಗೊತ್ತಿಲ್ಲದಿದ್ದರೆ ಸರ್ರನೆ ಮಗುಚಿ ದಾಟಿಹೋಗುತ್ತೀರಿ.

ಎರಡು, ಭಾಷೆ. ಎಷ್ಟೋ ಪುಸ್ತಕಗಳಲ್ಲಿ "ಅವನು ಅಂಗಡಿಗೆ ಹೋಗುತ್ತಿದ್ದನು" ಅಂತ ಇರುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ. ತಮಾಷೆ ಕಥೆಯನ್ನು ಹೀಗೆ ಓದಿದರೆ ನಗುವ ಕಡೆಯೂ ಮಗು ಗಂಭೀರವಾಗಿ ಕೂರುತ್ತದೆ. "ಅಂಗಡೀಗ್ ಹೋಗ್ತಿದ್ದ" ಅನ್ನಿ. ಧಾರವಾಡದ ಕಡೆಯವರು "ಅಂಗಡೀಗ್ ಹೊಂಟಿದ್ದ" ಅನ್ನಿ. ನಿಮ್ಮ ಮನೆಯಲ್ಲಿ ಯಾವ ಕನ್ನಡ ಓಡಾಡುತ್ತದೋ ಅದೇ ಸರಿ. ಶಾಲೆಗೆ ಹೋಗುವ ದೊಡ್ಡ ಮಗು "ಇಲ್ಲಿ ಹಾಗೆ ಬರೆದಿಲ್ಲ" ಅಂತ ತಿದ್ದಿದರೆ ಖುಷಿಪಡಿ, ಅವಳು ಓದೋಕೆ ಶುರು ಮಾಡಿದ್ದಾಳೆ.

3. ಹೊತ್ತು, ಬೆಳಕು, ಜಾಗ

ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದೆರಡು ವರ್ಷದವರಿಗೆ 11ರಿಂದ 14 ಗಂಟೆ. ಬೆಳಗ್ಗೆ 6.30ಕ್ಕೆ ಏಳುವ, ಮಧ್ಯಾಹ್ನ ಒಂದು ಗಂಟೆ ಮಲಗುವ ನಾಲ್ಕು ವರ್ಷದ ಮಗು ರಾತ್ರಿ 9ಕ್ಕೆ ನಿದ್ದೆ ಹೋದರೆ ಲೆಕ್ಕ ಸರಿಹೋಗುತ್ತದೆ. ಅಂದರೆ ಪುಸ್ತಕ ತೆರೆಯುವುದು 8.30ಕ್ಕೆ. ಒಂಬತ್ತಕ್ಕೆ ತೆರೆದರೆ ನಿಮಗೆ ಅವಸರ, ಅವಸರದಲ್ಲಿ ಓದಿದ ತಮಾಷೆಗೆ ಯಾರಿಗೂ ನಗು ಬರಲ್ಲ.

ಹಲ್ಲುಜ್ಜುವುದು, ಉಚ್ಚೆ, ನೀರು ಎಲ್ಲ ಮೊದಲೇ ಮುಗಿದಿರಲಿ. ಕಥೆ ಮಧ್ಯ "ಅಮ್ಮಾ ನೀರು" ಅಂದರೆ ಲಯ ಹೋಯಿತು. ಟಿವಿ, ಮೊಬೈಲು ಮಲಗುವ ಒಂದು ಗಂಟೆ ಮೊದಲೇ ಆಫ್ ಆಗಿದ್ದರೆ ಒಳ್ಳೆಯದು. ಪರದೆಯ ಬೆಳಕು ನಿದ್ದೆಯನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೇ ಸ್ಟೋರಿವೀವರ್ ಕಥೆಗಳನ್ನು ಹಗಲಲ್ಲೇ ಇಳಿಸಿ ಮುದ್ರಿಸಿಕೊಳ್ಳಿ ಅನ್ನುವುದು. ಹತ್ತಾರು ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ದಾರ ಹಾಕಿ ಹೊಲಿದರೆ ಪುಸ್ತಕವಾಯಿತು. ಕಪ್ಪುಬಿಳುಪು ಬಂದರೂ ಪರವಾಗಿಲ್ಲ, ಬಣ್ಣ ತುಂಬುವ ಕೆಲಸ ಮಗುವಿಗೇ ಬಿಡಿ.

ಟ್ಯೂಬ್‌ಲೈಟ್ ಬೇಡ. ಹಳದಿ ಬೆಳಕಿನ ಸಣ್ಣ ದೀಪ ನಿಮ್ಮ ಭುಜದ ಹಿಂದಿನಿಂದ ಪುಟದ ಮೇಲೆ ಬೀಳುವಂತಿರಲಿ. ಪುಸ್ತಕವನ್ನು ನೀವು ಹಿಡಿದರೂ ಹಾಳೆಯ ಅಂಚು ಮಗುವಿನ ಬೆರಳಿಗೆ ಸಿಗಬೇಕು. ಇಬ್ಬರು ಮಕ್ಕಳಿದ್ದರೆ ಚಿಕ್ಕದು ಮಡಿಲಲ್ಲಿ, ದೊಡ್ಡದು ಪಕ್ಕದಲ್ಲಿ. ಹಾಳೆ ಮಗುಚುವ ಹಕ್ಕು ಯಾರದು ಅನ್ನುವ ಜಗಳ ಬಂದೇ ಬರುತ್ತದೆ. ಒಂದು ರಾತ್ರಿ ಇವನದು, ಇನ್ನೊಂದು ರಾತ್ರಿ ಅವಳದು ಅಂತ ಪುಸ್ತಕ ತೆರೆಯುವ ಮೊದಲೇ ತೀರ್ಮಾನ ಆಗಲಿ.

4. ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಂದು ಪುಸ್ತಕ ಹೀಗಿದೆ ಅಂದುಕೊಳ್ಳಿ. ಅಜ್ಜಿಯ ಎಮ್ಮೆ ಕಾಣೆಯಾಗಿದೆ. ಬರಹದಲ್ಲಿ ಇರುವುದು ಇಷ್ಟೇ: "ಅಜ್ಜಿ ಮನೆಯೆಲ್ಲ ಹುಡುಕಿದಳು. ಎಮ್ಮೆ ಎಲ್ಲೂ ಇಲ್ಲ. ಅಜ್ಜಿ ಒದ್ದೆ ಟವೆಲ್ ಒಣಹಾಕಿ ಅಂಗಳಕ್ಕೆ ಹೋದಳು." ಚಿತ್ರದಲ್ಲಿ ಟವೆಲ್ ನೇತಾಡುತ್ತಿರುವುದು ಎಮ್ಮೆಯ ಕೊಂಬಿನ ಮೇಲೆ. ಎಮ್ಮೆ ಕಪಾಟಿನ ಪಕ್ಕ ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದು ನಿಂತಿದೆ.

ಈಗ ನೀವು ಏನು ಮಾಡಬೇಕು? ಮೂರು ಸಾಲನ್ನು ಸಪ್ಪೆ ಮುಖ ಮಾಡಿಕೊಂಡು ಓದಿ. ನಿಮಗೂ ಎಮ್ಮೆ ಕಾಣಿಸಿಲ್ಲ ಅನ್ನುವ ಹಾಗೆ. ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗುವಿನ ಕಣ್ಣು ಚಿತ್ರದ ಮೇಲೆ ಓಡುತ್ತದೆ, ಒಂದು ಕಡೆ ನಿಲ್ಲುತ್ತದೆ, ಬೆರಳು ಮೇಲೇಳುತ್ತದೆ. "ಇಲ್ಲಿದೆ! ಎಮ್ಮೆ ಇಲ್ಲೇ ಇದೆ!" ಆಗಲೂ ಒಪ್ಪಬೇಡಿ. "ಎಲ್ಲಿ? ಇದು ಕೋಟ್ ಸ್ಟ್ಯಾಂಡ್ ಅಲ್ವಾ?" ಅನ್ನಿ. ಅಷ್ಟೇ. ಆ ರಾತ್ರಿಯ ಅತಿ ದೊಡ್ಡ ನಗು ಅಲ್ಲೇ ಸಿಕ್ಕಿತು. ದೊಡ್ಡವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಅನ್ನುವುದಕ್ಕಿಂತ ದೊಡ್ಡ ತಮಾಷೆ ನಾಲ್ಕು ವರ್ಷದವರಿಗೆ ಇನ್ನೊಂದಿಲ್ಲ.

ಕೆಡಿಸುವುದು ಹೇಗೆ ಅಂತ ಕೇಳಿದರೆ ಅದೂ ಸುಲಭ. "ನೋಡು ಪುಟ್ಟಾ, ಎಮ್ಮೆ ಇಲ್ಲೇ ನಿಂತಿದೆ, ಅಜ್ಜಿಗೆ ಗೊತ್ತಾಗದೆ ಟವೆಲ್ ಹಾಕ್ಬಿಟ್ಟಿದ್ದಾಳೆ, ತಮಾಷೆಯಾಗಿದೆ ಅಲ್ವಾ?" ಅಂದುಬಿಡಿ. ಮಗು ಹೌದು ಅಂತ ತಲೆ ಆಡಿಸುತ್ತದೆ. ನಗುವುದಿಲ್ಲ.

ಸದ್ದಿನ ಮಾತುಗಳಲ್ಲಿ ಕನ್ನಡಕ್ಕೆ ಬಡತನವೇ ಇಲ್ಲ, ಧಾರಾಳವಾಗಿ ಬಳಸಿ. ಮಡಕೆ ಬಿದ್ದರೆ 'ಫಳ್', ತೆಂಗಿನಕಾಯಿ ಬಿದ್ದರೆ 'ಧೊಪ್', ಕಪ್ಪೆ ನೀರಿಗೆ ಹಾರಿದರೆ 'ಬುಳಕ್', ಲಾಡು ಬಾಯಿಗೆ ಹೋದರೆ 'ಗುಳುಂ'. ಪುಸ್ತಕದಲ್ಲಿ ಬರೀ 'ಬಿದ್ದಿತು' ಅಂತಿದ್ದರೂ ಸದ್ದು ನೀವು ಸೇರಿಸಿ. ಸ್ವಲ್ಪ ದಿನ ಕಳೆದ ಮೇಲೆ 'ಮಡಕೆ ಬಿತ್ತು...' ಅಂತ ನಿಲ್ಲಿಸಿ, ಸದ್ದನ್ನು ಮಗುವಿಗೆ ಬಿಡಿ. ಮಾತು ಇನ್ನೂ ಸರಿಯಾಗಿ ಬಾರದ ಎರಡು ವರ್ಷದವರೂ ಇದರಲ್ಲಿ ಸೇರಿಕೊಳ್ಳುತ್ತಾರೆ.

ಧ್ವನಿ ಬದಲಿಸುವುದು ಒಳ್ಳೆಯದೇ, ಆದರೆ ಎರಡು ಧ್ವನಿ ಸಾಕು. ಒಂದು ದಪ್ಪ, ಒಂದು ಸಣ್ಣ. ಎಂಟು ಪಾತ್ರಕ್ಕೆ ಎಂಟು ಧ್ವನಿ ಅಂತ ಹೊರಟರೆ ಮೂರನೇ ಪುಟದಲ್ಲಿ ನಿಮಗೇ ಮರೆತುಹೋಗುತ್ತದೆ. ಮಗುವಿಗೆ ಮರೆಯಲ್ಲ. "ಕೋತಿ ಹೀಗೆ ಮಾತಾಡ್ಲಿಲ್ಲ" ಅಂತ ಮೊದಲಿಂದ ಓದಿಸುತ್ತದೆ.

ಪುಸ್ತಕ ಪರಿಚಯವಾದ ಮೇಲೆ ಬೇಕಂತಲೇ ತಪ್ಪು ಓದಿ. "ಅಜ್ಜಿ ಎಮ್ಮೆಯನ್ನು ಹುಡುಕಿದಳು" ಅನ್ನುವಲ್ಲಿ "ಎಮ್ಮೆ ಅಜ್ಜಿಯನ್ನು ಹುಡುಕಿತು" ಅನ್ನಿ. ಮಗು ತಿದ್ದುತ್ತದೆ, ನೀವು ವಾದ ಮಾಡಿ. ಆದರೆ ಇದನ್ನು ಪುಸ್ತಕದ ಮೊದಲರ್ಧದಲ್ಲೇ ಮಾಡಿ ಮುಗಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೆಲವು ಮಕ್ಕಳು ನಗುವುದೇ ಇಲ್ಲ. "ಎಮ್ಮೆಗೆ ಕಾಲು ನೋಯಲ್ವಾ ಹಾಗೆ ನಿಂತ್ರೆ?" ಅಂತ ಕೇಳುತ್ತವೆ. ಒಳ್ಳೆ ಪ್ರಶ್ನೆ. ನಗಿಸಲೇಬೇಕು ಅನ್ನುವ ಹಟ ಬಿಟ್ಟು ಎಮ್ಮೆಯ ಕಾಲಿನ ಬಗ್ಗೆ ಮಾತಾಡಿ. ಆ ಮಗುವಿಗೆ ಅವತ್ತು ಪುಸ್ತಕದಲ್ಲಿ ಸಿಕ್ಕಿದ್ದು ಅದು.

5. ನಗುವನ್ನು ಇಳಿಸುವುದು

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಹಾಲು ಉಕ್ಕಿ ಬಂದಾಗ ಉರಿ ಸಣ್ಣ ಮಾಡುವ ಹಾಗೆ, ನಗು ತುಂಬಿ ಬಂದ ಪುಟದಿಂದಲೇ ನೀವು ಸಣ್ಣಗಾಗಬೇಕು. ಮಗುವಿಗೆ "ಸುಮ್ನಿರು, ಮಲಗು" ಅನ್ನುವುದು ಬೇಡ. ನಿಮ್ಮ ದನಿ ಇಳಿದರೆ ಅದರ ದನಿಯೂ ಇಳಿಯುತ್ತದೆ.

ನಾನು ನಂಬಿರುವ ವಿಧಾನ, ಒಂದೇ ಪುಸ್ತಕವನ್ನು ಎರಡು ಸಲ ಓದುವುದು. ಮೊದಲ ಸಲ ನಗುವಿಗೆ: ಸದ್ದು, ತಪ್ಪು ಓದು, ವಾದ ಎಲ್ಲ. ಎರಡನೇ ಸಲ ಅದೇ ಪುಸ್ತಕ, ಆದರೆ ಮಗು ಮಲಗಿಕೊಂಡಿರಬೇಕು, ಹೊದಿಕೆ ಹೊದ್ದಿರಬೇಕು. ನೀವು ಪಿಸುಮಾತಿನಲ್ಲಿ ಓದಿ. ಸದ್ದಿನ ಮಾತುಗಳೂ ಪಿಸುಮಾತಿನಲ್ಲೇ. ಪ್ರತಿ ಪುಟದಲ್ಲೂ ಕಥೆಗೆ ಸಂಬಂಧವಿಲ್ಲದ ಏನಾದರೂ ಸಣ್ಣದನ್ನು ಹುಡುಕಿ: ಮೂಲೆಯಲ್ಲಿ ಇರುವೆ ಸಾಲು, ಕಿಟಕಿ ಆಚೆ ತೆಂಗಿನಮರ, ಅಜ್ಜಿಯ ಸೀರೆ ಅಂಚಿನ ಬಣ್ಣ. ಹುಡುಕುವ ಕಣ್ಣು ನಿಧಾನವಾಗುತ್ತದೆ, ನಿಧಾನವಾದ ಕಣ್ಣು ಭಾರವಾಗುತ್ತದೆ. ಗೊತ್ತಿರುವ ಕಥೆಯಾದ್ದರಿಂದ ಮುಂದೇನು ಅನ್ನುವ ಆತುರವೂ ಇರುವುದಿಲ್ಲ.

ಕಚಗುಳಿ ಇಡಬೇಡಿ. ಆನೆ ನಡೆದದ್ದನ್ನು ಎದ್ದು ನಡೆದು ತೋರಿಸಬೇಡಿ. ಅಪ್ಪಂದಿರಿಗೆ ಈ ಮಾತು ಸ್ವಲ್ಪ ಜಾಸ್ತಿ ಅನ್ವಯಿಸುತ್ತದೆ. ಆಫೀಸಿಂದ ಬಂದು ಮಗುವನ್ನು ಗಾಳಿಗೆ ಎಸೆದು ಹಿಡಿಯುವ ಆಸೆ ಅರ್ಥವಾಗುತ್ತದೆ. ಅದನ್ನು ಊಟಕ್ಕೆ ಮುಂಚೆ ಮಾಡಿ ಮುಗಿಸಿ.

ಇಷ್ಟಾದರೂ ನಗು ನಿಲ್ಲದಿದ್ದರೆ ಪುಸ್ತಕ ಮುಚ್ಚಿ, ದೀಪ ಆರಿಸಿ, ಕತ್ತಲಲ್ಲಿ ಕಥೆಯನ್ನು ಬಾಯಲ್ಲೇ ಹೇಳಿ. ಚಿತ್ರ ಕಾಣದೆ ಇದ್ದಾಗ ತಮಾಷೆಯ ಬಿಸಿ ಕಡಿಮೆಯಾಗುತ್ತದೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನಮ್ಮ ಅಜ್ಜಿಯರು ಹೇಳಿದ್ದು ಕತ್ತಲಲ್ಲೇ ಅಲ್ವಾ.

6. "ಇನ್ನೊಂದ್ಸಲ!"

ಇದೇ ಪುಸ್ತಕ ನಾಳೆಯೂ ಬೇಕು, ನಾಡಿದ್ದೂ ಬೇಕು, ತಿಂಗಳಾದರೂ ಅದೇ ಬೇಕು. ಇದು ಹಟವಲ್ಲ. ಮುಂದಿನ ಪುಟದಲ್ಲಿ ಏನಿದೆ ಅಂತ ಗೊತ್ತಿದ್ದು ಅದಕ್ಕಾಗಿ ಕಾಯುವುದು ಮಕ್ಕಳಿಗೆ ಬೇರೆಯೇ ಸುಖ. ಮೊದಲ ಸಲ ಆಶ್ಚರ್ಯಕ್ಕೆ ನಕ್ಕರೆ, ಹತ್ತನೇ ಸಲ "ನನಗೆ ಗೊತ್ತಿತ್ತು" ಅನ್ನುವುದಕ್ಕೆ ನಗುತ್ತಾರೆ. ಹೊಸ ಪದಗಳು ಬಾಯಿಗೆ ಬರುವುದೂ ಈ ಮರುಓದಿನಲ್ಲೇ.

ನಿಮಗೆ ಬೋರಾಗುತ್ತದೆ, ಆಗಲೇಬೇಕು. ಆಗ ಜಾಗ ಬದಲಿಸಿ. "ಇವತ್ತು ನನಗೆ ಸುಸ್ತು, ನೀನು ಓದು" ಅನ್ನಿ. ಅಕ್ಷರ ಬಾರದ ಮಗು ಚಿತ್ರ ನೋಡುತ್ತಾ ಪೂರ್ತಿ ಕಥೆ 'ಓದುತ್ತದೆ'. ನಡುನಡುವೆ ನಿಮ್ಮದೇ ದನಿ, ನೀವು ನಿಲ್ಲುವ ಜಾಗದಲ್ಲೇ ನಿಲ್ಲುವುದು ಎಲ್ಲ ಬರುತ್ತದೆ. ತಿದ್ದಬೇಡಿ. ಎಮ್ಮೆ ಈ ಸಲ ವಿಮಾನ ಹತ್ತಿದರೆ ಹತ್ತಲಿ.

ಎಷ್ಟು ಪುಸ್ತಕ ಅನ್ನುವುದು ಮಾತ್ರ ಮೊದಲೇ ನಿಗದಿ. ಎರಡು ಅಂದರೆ ಎರಡು. ಆರಿಸುವುದು ಮಗು, ಎಣಿಸುವುದು ನೀವು. "ಒಂದೇ ಒಂದು" ಅಂತ ಒಂದು ರಾತ್ರಿ ಸೋತರೆ ಮಾರನೇ ದಿನದಿಂದ ಚೌಕಾಸಿ ಶುರು.

7. ಕನ್ನಡ ಓದಲು ಬಾರದವರು, ದೂರ ಇರುವವರು

ಮನೆಯಲ್ಲಿ ಅಜ್ಜಿಗೆ ಅಕ್ಷರ ಬಾರದಿದ್ದರೆ ಪುಸ್ತಕ ಅವರ ಕೈಗೇ ಕೊಡಿ. ಚಿತ್ರ ನೋಡಿಕೊಂಡು ಅವರು ಕಟ್ಟುವ ಕಥೆ ಬರೆದದ್ದಕ್ಕಿಂತ ಚೆನ್ನಾಗಿರುವುದು ಅಪರೂಪವೇನಲ್ಲ. ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕಗಳೂ ಸಿಗುತ್ತವೆ. ಅಪ್ಪನ ಭಾಷೆ ಒಂದು, ಅಮ್ಮನದು ಇನ್ನೊಂದು ಆಗಿರುವ ಮನೆಗೆ ಅವು ಹೇಳಿ ಮಾಡಿಸಿದವು.

ಹೊರದೇಶದಲ್ಲಿರುವವರಿಗೆ ಒಂದು ಅನುಕೂಲ ಇದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ರಾತ್ರಿ 8 ಗಂಟೆ ಅಂದರೆ ಮೈಸೂರಿನಲ್ಲಿ ಮರುದಿನ ಬೆಳಗ್ಗೆ 8.30. ಅಜ್ಜ ಕಾಫಿ ಮುಗಿಸಿ ಕೂತಿರುತ್ತಾರೆ. ಒಂದೇ ಪುಸ್ತಕದ ಎರಡು ಪ್ರತಿ ಇರಲಿ, ಒಂದು ಅಲ್ಲಿ, ಒಂದು ಇಲ್ಲಿ. ವಿಡಿಯೋ ಕರೆಯಲ್ಲಿ ಪುಸ್ತಕವನ್ನು ಕ್ಯಾಮೆರಾಗೆ ಹಿಡಿದರೆ ಏನೂ ಕಾಣಿಸುವುದಿಲ್ಲ. ಅಜ್ಜ ಓದಲಿ, ಹಾಳೆಯನ್ನು ಮಗು ತನ್ನ ಪ್ರತಿಯಲ್ಲಿ ಮಗುಚಲಿ. ಫೋನನ್ನು ದಿಂಬಿನ ಪಕ್ಕ ಬೋರಲಾಗಿ ಇಟ್ಟು ಬರೀ ದನಿ ಕೇಳಿಸಿದರೆ ಪರದೆಯ ಬೆಳಕಿನ ತೊಂದರೆಯೂ ಇಲ್ಲ. ಬೇರೆಯವರು ಓದಿದರೂ ಇಳಿಸುವ ಎರಡನೇ ಓದು ಮಾತ್ರ ಪಕ್ಕದಲ್ಲಿ ಮಲಗಿದವರದು.

ಕೊನೆಗೆ ಪುಸ್ತಕ ಇಡುವ ಜಾಗದ ಬಗ್ಗೆ. ಕಪಾಟಿನ ಮೇಲಿನ ಅರೆಯಲ್ಲಿ, ಬೆನ್ನು ಮಾತ್ರ ಕಾಣುವಂತೆ ಜೋಡಿಸಿದರೆ ಚಿಕ್ಕ ಮಗುವಿಗೆ ಅದು ಇದ್ದೂ ಇಲ್ಲದ ಹಾಗೆ. ಮಗುವಿನ ಎದೆಮಟ್ಟದಲ್ಲಿ ಒಂದು ಹಗ್ಗ ಕಟ್ಟಿ, ನಾಲ್ಕೈದು ಪುಸ್ತಕವನ್ನು ಮುಖಪುಟ ಕಾಣುವಂತೆ ನೇತುಹಾಕಿ. ವಾರಕ್ಕೊಮ್ಮೆ ಒಂದೆರಡು ಬದಲಿಸಿ. ಹಾಳೆ ಹರಿದರೆ ಬೈಯಬೇಡಿ, ಟೇಪ್ ಕತ್ತರಿಸಿ ಕೊಟ್ಟು ಅವರಿಂದಲೇ ಅಂಟಿಸಿ. ಸೊಟ್ಟಗೆ ಅಂಟಿಸಿದ ಪುಟದಲ್ಲಿ ಎಮ್ಮೆಗೆ ಮೂರು ಕೊಂಬು ಬಂದರೆ ನಾಳೆ ರಾತ್ರಿ ಅದಕ್ಕೂ ಒಂದು ಕಾರಣ ಹೇಳಬೇಕಾಗುತ್ತದೆ.